ಸಂತೆಯ ದನದೊಡನೆ ಬರುವ ಉಣುಗು

ದನ ಕೊಳ್ಳಲು ಸಂತೆಗೆ ಹೋದ ರೈತನು ಹಲ್ಲು ನೋಡುತ್ತಾನೆ, ಸುಳಿ ಗಮನಿಸುತ್ತಾನೆ, ಕೆಚ್ಚಲನ್ನು ಮುಟ್ಟಿ ಪರೀಕ್ಷಿಸುತ್ತಾನೆ. ಆದರೆ ಕಿವಿಯ ಒಳಭಾಗ, ಗಂಗೆದೊಗಲಿನ ಮಡಿಕೆ, ಬಾಲದ ಬುಡ, ತೊಡೆಸಂದುಗಳನ್ನು ಬಿಡಿಸಿ ನೋಡುವವರು ವಿರಳ. ಉಣುಗು ಅಡಗುವುದು ಅಲ್ಲಿಯೇ. ಹಣ ತೆತ್ತು ತಂದ ಹಸುವಿನೊಡನೆ ಅದೂ ಘಟ್ಟ ಹತ್ತಿ ಕೊಟ್ಟಿಗೆ ಸೇರುತ್ತದೆ.

ದನಗಳಲ್ಲಿ ಸಾಮಾನ್ಯವಾಗಿ ಕಾಣುವ ರಿಪಿಸೆಫಾಲಸ್ ಮೈಕ್ರೋಪ್ಲಸ್ ಎಂಬ ಉಣುಗು ಮರಿಯಾಗಿದ್ದಾಗ ಮೈಯೇರಿ, ಸುಮಾರು ಮೂರು ವಾರ ಅದೇ ದನದ ಮೇಲೆ ಬೆಳೆಯುತ್ತದೆ. ರಕ್ತ ಹೀರಿ ಉಬ್ಬಿದ ಹೆಣ್ಣು ನೆಲಕ್ಕುದುರಿ ಎರಡು ಮೂರು ಸಾವಿರ ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮರಿಗಳು ಹುಲ್ಲಿನ ತುದಿಯೇರಿ ಮತ್ತೊಂದು ದನಕ್ಕಾಗಿ ಕಾಯುತ್ತವೆ. ವಾರವಾರವೂ ಹತ್ತಾರು ಊರುಗಳ ದನ ಸೇರುವ, ಕಸ ಗುಡಿಸದ ಸಂತೆಮಾಳದಲ್ಲಿ ಶುಚಿಯಾದ ದನವೂ ಉಣುಗು ಹತ್ತಿಸಿಕೊಂಡು ಮರಳಬಹುದು.

ಈ ಉಣುಗು ಹರಡುವ ಬೆಬಿಸಿಯೋಸಿಸ್ ರೋಗದಲ್ಲಿ ಮೂತ್ರ ಕೆಂಪಾಗುತ್ತದೆ. ಹಯಲೋಮ ಜಾತಿಯ ಉಣುಗು ತರುವ ಥೈಲೇರಿಯಾಸಿಸ್‌ನಲ್ಲಿ ತೀವ್ರ ಜ್ವರ ಬಂದು, ಗ್ರಂಥಿಗಳು ಊದಿ, ರಕ್ತ ಕ್ಷೀಣಿಸುತ್ತದೆ. ಮಲೆನಾಡು ಗಿಡ್ಡದಂಥ ನಾಟಿ ದನ ಉಣುಗಿನ ಕಾಟವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಸಾಲ ಮಾಡಿ ತಂದ ಮಿಶ್ರತಳಿಯ ಹಸು ತಾಳಲಾರದು. ಹಸು ಸತ್ತರೂ ಸಾಲ ಉಳಿಯುತ್ತದೆ.

ಮಂಗನ ಕಾಯಿಲೆಯ ಹೊಣೆಯನ್ನು ಸಂತೆಯ ಮೇಲೆ ಹೊರಿಸುವುದು ಮಾತ್ರ ತಪ್ಪು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ರೋಗವನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೊಂದು ಉಣುಗು. ಆದರೆ ಅದರ ಬೆಳೆದ ಹಂತಕ್ಕೆ ಕಾಡಿನಲ್ಲಿ ಮೇಯುವ ದನವೇ ಆಹಾರ. ಆದ್ದರಿಂದ ದನದ ಮೈ ನೋಡುವ ಅಭ್ಯಾಸದಿಂದ ಎರಡು ಕಡೆಗೂ ಲಾಭವಿದೆ.

ಉಣುಗು ಕಂಡೊಡನೆ ಅಂಗಡಿಯ ವಿಷ ತಂದು, ಅಂದಾಜಿನ ಅಳತೆಯಲ್ಲಿ ಬಳಿಯುವುದು ರೂಢಿಯಾಗಿದೆ. ಒಂದೇ ಔಷಧವನ್ನು ತಪ್ಪು ಪ್ರಮಾಣದಲ್ಲಿ ಪದೇ ಪದೇ ಬಳಸಿದರೆ ಉಣುಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ಭಾರತದ ಹಲವೆಡೆ ಇದು ದೃಢಪಟ್ಟಿದೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳು ಹಳ್ಳದ ಮೀನಿಗೂ ಜೇನಿಗೂ ಮಾರಕ. ದನ ತೊಳೆದ ನೀರು ಹಳ್ಳ ಸೇರುವ ಗುಡ್ಡದೂರಿನಲ್ಲಿ ಇದು ಸಣ್ಣ ಮಾತಲ್ಲ.

ಹೊಸ ದನವನ್ನು ಮೂರು ವಾರ ಬೇರೆಡೆ ಕಟ್ಟುವುದು ಮೊದಲ ಉಪಾಯ. ಗೋಮಾಳಕ್ಕೆ ಬಿಡಬಾರದು. ಸೊಪ್ಪಿನ ಹಾಸು ಹಾಕದೆ, ಉದುರಿದ ಉಣುಗನ್ನು ದಿನವೂ ಗುಡಿಸಿ ಸುಡಬೇಕು. ಬೆರಳಿನಿಂದ ಹಿಸುಕುವುದು ಅಪಾಯಕರ: 2011ರಲ್ಲಿ ಗುಜರಾತಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡ ಕ್ರಿಮಿಯನ್-ಕಾಂಗೋ ಜ್ವರವು ದನ, ಒಂಟೆಗಳ ಮೈಮೇಲಿನ ಹಯಲೋಮದಿಂದ ಹರಡುವಂಥದು. ಔಷಧ ಬೇಕಾದರೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಬಳಸಬೇಕು.

ಆದರೆ ಕೊಂಡವನ ಎಚ್ಚರವೊಂದೇ ಸಾಲದು. ಪಶುರೋಗ ನಿಯಂತ್ರಣಕ್ಕಾಗಿ ಬಂದ 2009ರ ಕೇಂದ್ರ ಕಾಯ್ದೆಯು ತಪಾಸಣಾ ಠಾಣೆ, ಪ್ರತ್ಯೇಕ ಶಿಬಿರಗಳಿಗೆ ಅವಕಾಶ ನೀಡಿದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಸರ್ಕಾರವು ದನದ ಸಂತೆ, ಜಾತ್ರೆಗಳನ್ನೇ ನಿಲ್ಲಿಸಿತು. ರೋಗವು ಸಂತೆಯ ಹಾದಿಯಲ್ಲಿ ಸಾಗುತ್ತದೆಂದು ಒಪ್ಪಿದ ಆಡಳಿತವು ಆ ಹಾದಿಯನ್ನು ಎಂದಿನ ದಿನಗಳಲ್ಲಿಯೂ ಕಾಯಬೇಕು. ಸಂತೆ ಮುಚ್ಚಿದರೆ ಬಡ ರೈತನ ಕೈ ಕಟ್ಟಿದಂತೆ. ಸಂತೆಯ ಬಾಗಿಲಲ್ಲಿ ತಪಾಸಣೆ, ಗಾರೆ ಹಾಕಿದ ಕಟ್ಟೆ, ಸಂತೆ ಮುಗಿದ ಸಂಜೆ ಕಸ ವಿಲೇವಾರಿ, ಇಷ್ಟಕ್ಕೆ ಸಂತೆಯ ಸುಂಕದಲ್ಲೊಂದು ಪಾಲು ಮೀಸಲಾಗಬೇಕು. ಸುಂಕ ವಸೂಲು ಮಾಡುವವರನ್ನು ಈ ಬಗ್ಗೆ ಕೇಳುವ ಹಕ್ಕು ದನ ಕೊಳ್ಳುವ ಪ್ರತಿಯೊಬ್ಬನಿಗೂ ಇದೆ. ಗ್ರಾಮಸಭೆಯಲ್ಲಿ ಆ ಪ್ರಶ್ನೆ ಏಳಲಿ.