ಒಂದು ಲೋಡ್ ಅಂದ್ರೆ ಎಷ್ಟು ಸ್ವಾಮಿ?

ಅರ್ಧ ಕೆಜಿ ಟೊಮೆಟೊ ಕೊಳ್ಳುವಾಗ ತಕ್ಕಡಿ ಮುಳ್ಳನ್ನೇ ನೋಡ್ತೀವಿ. ಸಾವಿರಾರು ರೂಪಾಯಿಯ ಎಂ-ಸ್ಯಾಂಡನ್ನು ಮಾತ್ರ ‘ಒಂದು ಲೋಡ್’ ಅಂತ ಕಣ್ಣುಮುಚ್ಚಿ ಇಳಿಸಿಕೊಳ್ತೀವಿ. ಲೋಡ್ ಅನ್ನೋದು ಅಳತೆಯೇ ಅಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ಮಾರಾಟದ ಲೆಕ್ಕ ಮೀಟರ್, ಕಿಲೋಗ್ರಾಂನಂಥ ಅಧಿಕೃತ ಮಾನದಲ್ಲೇ ಇರಬೇಕು. ಅಡಿಗೂ ಅಲ್ಲಿ ಜಾಗವಿಲ್ಲ. ಇರಲಿ, ಗಾರೆ ಮೇಸ್ತ್ರಿ ಟೇಪಿನಲ್ಲಿ ಅಡಿ ಇದೆಯಲ್ಲ, ಅದರಲ್ಲೇ ಅಳೆಯೋಣ.

ಟ್ರೈಲರ್ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ ಇದೆ ಅಂದ್ಕೊಳ್ಳಿ. ತುಂಬಿದರೆ 120 ಘನ ಅಡಿ. ಮರಳು ಅಂಚಿಗಿಂತ ಬರೀ 3 ಇಂಚು ಕೆಳಗಿದ್ದರೆ 15 ಘನ ಅಡಿ ಖೋತಾ. ಹೀಗೆ 8 ಲೋಡ್ ತರಿಸಿದವರ ಮನೆಗೆ ಬರೋದು 7 ಲೋಡ್. ಅದರ ಮೇಲೆ ತೇವದ ಮರಳು ಉಬ್ಬಿರುತ್ತೆ, ಕಣ್ಣಿಗೆ ಜಾಸ್ತಿ ಕಾಣುತ್ತೆ. ತೂಕಕ್ಕೆ ಕೊಂಡರೋ, ನೀರಿಗೂ ನೀವೇ ದುಡ್ಡು ಕೊಡಬೇಕು!

ಅಂಗಡಿ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಟ್ರೈಲರಿನ ಮೈಮೇಲೆ ಎಷ್ಟು ಹಿಡಿಯುತ್ತೆ ಅಂತ ಬರೆಸೋಕೆ ಏನು ಕಷ್ಟ?

ಇಳಿಸೋ ಮುಂಚೆ ಮರಳು ಸಮ ಮಾಡಿಸಿ, ಟೇಪ್ ಹಿಡೀರಿ, ಅಳತೆಯನ್ನು ಬಿಲ್ಲಿನಲ್ಲಿ ಬರೆಸಿ. ‘ನಂಬಿಕೆ ಇಲ್ವಾ ಯಜಮಾನ್ರೇ?’ ಅಂದರೆ, ದುಡ್ಡನ್ನೂ ಎಣಿಸದೆ ತಗೊಳ್ತೀಯೇನಪ್ಪಾ ಅಂತ ಕೇಳಿ.