ಹಳೆಯ ಮೋಟಾರು, ಆಷಾಢದ ಗಾಳಿ

ಎಲೆಕ್ಟ್ರಿಕ್ ಸೈಕಲ್ಲು ಕೆಟ್ಟು ಮೂಲೆ ಸೇರಿದೆ ಎಂದರೆ ಸಾಮಾನ್ಯವಾಗಿ ಕೈಕೊಟ್ಟಿರುವುದು ಅದರ ಬ್ಯಾಟರಿ. ಕೆಲವೇ ವರ್ಷಗಳಲ್ಲಿ ಲಿಥಿಯಂ ಬ್ಯಾಟರಿ ಸೊರಗುತ್ತದೆ. ಹೊಸದು ಹಾಕಿಸಲು ಸೈಕಲ್ಲಿನ ಬೆಲೆಯ ದೊಡ್ಡ ಪಾಲನ್ನೇ ತೆರಬೇಕು. ಕೆಲವೊಮ್ಮೆ ಕಂಟ್ರೋಲರ್ ಸುಟ್ಟಿರುತ್ತದೆ. ಚಕ್ರದ ನಡುವೆ ಕೂತ ಮೋಟಾರಿಗೆ ಮಾತ್ರ ಬಹುಪಾಲು ಏನೂ ಆಗಿರುವುದಿಲ್ಲ. ಸವೆಯುವ ಕಾರ್ಬನ್ ಬ್ರಷ್ ಅದರಲ್ಲಿಲ್ಲ. ಬೇರಿಂಗ್ ಬದಲಿಸಿದರೆ ಇನ್ನೂ ಎಷ್ಟೋ ವರ್ಷ ತಿರುಗಬಲ್ಲದು. ಆದರೂ ಗುಜರಿಯಲ್ಲಿ ಅದು ತಕ್ಕಡಿಗೆ ಬೀಳುತ್ತದೆ. ತಾಮ್ರಕ್ಕೆ ಇಷ್ಟು, ಅಲ್ಯುಮಿನಿಯಂಗೆ ಇಷ್ಟು ಎಂದು ಲೆಕ್ಕವಾಗುತ್ತದೆ. ಒಳಗಿನ ಆಯಸ್ಕಾಂತವನ್ನು ಕೇಳುವವರಿಲ್ಲ.

ಇದೇ ಮೋಟಾರಿಗೆ ಮೂರು ರೆಕ್ಕೆ ಕಟ್ಟಿ ಗಾಳಿಗೆ ಒಡ್ಡಿದರೆ ವಿದ್ಯುತ್ ಹುಟ್ಟುತ್ತದೆ. ಜಗತ್ತಿನ ಅನೇಕ ಕಡೆ ಆಸಕ್ತರು ಇದನ್ನು ಮಾಡಿ ನೋಡಿದ್ದಾರೆ. ಇದರ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಮನೆಯ ಕರೆಂಟು ಬಿಲ್ಲೇ ಇಲ್ಲವಾಗುತ್ತದೆ ಎಂಬುದು ಒಂದು, ಇದು ಬರೀ ಆಟಿಕೆ ಎಂಬುದು ಇನ್ನೊಂದು. ಎರಡೂ ತಪ್ಪು. ಈ ಯಂತ್ರಕ್ಕೆ ತಕ್ಕ ಜಾಗವಿದೆ, ತಕ್ಕ ಋತುವಿದೆ. ಎಲ್ಲಕ್ಕಿಂತ ಹೆಚ್ಚಾಗಿ ಅದಕ್ಕೊಂದು ತರಗತಿಯಿದೆ. ಅದನ್ನು ಅಲ್ಲಿಗೆ ತಲುಪಿಸುವ ಕೆಲಸ ಇನ್ನೂ ಆಗಿಲ್ಲ.

ಮೋಟಾರು ಮತ್ತು ಜನರೇಟರ್ ಒಂದೇ ಯಂತ್ರದ ಎರಡು ಮುಖ. ಸುರುಳಿಯ ಬಳಿ ಆಯಸ್ಕಾಂತ ಅಲುಗಾಡಿದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟದ್ದು 1831ರಲ್ಲಿ. ಹಬ್ ಮೋಟಾರಿನ ಹೊರಕವಚದ ಒಳಮೈಗೆ ನಿಯೋಡಿಮಿಯಂ ಆಯಸ್ಕಾಂತಗಳನ್ನು ಸಾಲಾಗಿ ಅಂಟಿಸಿರುತ್ತಾರೆ. ಅಲುಗದ ಅಚ್ಚಿಗೆ ತಾಮ್ರದ ಸುರುಳಿಗಳು ಸುತ್ತಿಕೊಂಡಿರುತ್ತವೆ. ಕವಚ ತಿರುಗಿದಾಗ ಮೂರು ದಪ್ಪ ತಂತಿಗಳಲ್ಲಿ ಮೂರು ಫೇಸಿನ ಎ.ಸಿ. ಬರುತ್ತದೆ. ಆರು ಡಯೋಡುಗಳ ಒಂದು ರೆಕ್ಟಿಫೈಯರ್ ಅದನ್ನು ಬ್ಯಾಟರಿಗೆ ಬೇಕಾದ ಡಿ.ಸಿ. ಮಾಡಿಕೊಡುತ್ತದೆ. ಜೊತೆಗೆ ಬರುವ ಸಣ್ಣ ತಂತಿಗಳು ಆಯಸ್ಕಾಂತದ ಸ್ಥಾನ ಗುರುತಿಸುವ ಹಾಲ್ ಸೆನ್ಸರಿನವು. ಅವುಗಳಿಗೆ ಇಲ್ಲಿ ಕೆಲಸವಿಲ್ಲ.

ಕಾರಿನ ಆಲ್ಟರ್ನೇಟರ್ ಬಿಟ್ಟು ಇದನ್ನೇ ಯಾಕೆ ಆರಿಸಬೇಕು? ಉತ್ತರ ವೇಗದಲ್ಲಿದೆ. ಆಲ್ಟರ್ನೇಟರ್ ಚಾರ್ಜ್ ಮಾಡಲು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕು. ಮೇಲಾಗಿ ತನ್ನ ಕಾಂತಕ್ಷೇತ್ರಕ್ಕಾಗಿ ಬ್ಯಾಟರಿಯಿಂದಲೇ ಕರೆಂಟು ಕುಡಿಯುತ್ತದೆ. ಸೈಕಲ್ಲಿನ ಕಥೆ ಬೇರೆ. ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ನೋಂದಣಿಯಿಲ್ಲದೆ ಓಡಬೇಕಾದ ವಿದ್ಯುತ್ ಸೈಕಲ್ಲಿನ ಶಕ್ತಿ 250 ವ್ಯಾಟ್ ಮೀರಬಾರದು, ವೇಗ ಗಂಟೆಗೆ 25 ಕಿ.ಮೀ. ದಾಟಬಾರದು. 26 ಇಂಚಿನ ಚಕ್ರ ಆ ವೇಗದಲ್ಲಿ ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುತ್ತದೆ. ಅಂದರೆ 36 ವೋಲ್ಟಿನ ಮೋಟಾರು ಅಷ್ಟೇ ಸುತ್ತಿಗೆ ಹತ್ತಿರಹತ್ತಿರ 36 ವೋಲ್ಟ್ ಕೊಡಬಲ್ಲದು. 24 ವೋಲ್ಟ್ ಬ್ಯಾಟರಿಗೆ ನೂರೈವತ್ತು ಸುತ್ತು ಸಾಕು. ಒಂದೂವರೆ ಮೀಟರ್ ವ್ಯಾಸದ ರೆಕ್ಕೆಗಳು ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲೇ ಆ ವೇಗ ಮುಟ್ಟಬಲ್ಲವು. ರಸ್ತೆ ಸುರಕ್ಷತೆಗಾಗಿ ಕಾನೂನು ಹಾಕಿದ ಮಿತಿ ಗಾಳಿಯಂತ್ರಕ್ಕೆ ಹೇಳಿ ಮಾಡಿಸಿದಂತಿದೆ. ನ್ಯೂಜಿಲೆಂಡಿನಲ್ಲಿ ಫಿಷರ್ ಅಂಡ್ ಪೇಕೆಲ್ ವಾಷಿಂಗ್ ಮೆಷಿನ್ನಿನ ಮೋಟಾರನ್ನು ಗಾಳಿಗೂ ತೊರೆಗೂ ಜೋಡಿಸಿ ದುಡಿಸಿಕೊಂಡದ್ದು ಇದೇ ಕಾರಣಕ್ಕೆ. ಅದೂ ಗೇರಿಲ್ಲದೆ ನಿಧಾನವಾಗಿ ತಿರುಗುವ, ಆಯಸ್ಕಾಂತವುಳ್ಳ ಮೋಟಾರು.

ಎಲ್ಲ ಹಬ್ ಮೋಟಾರುಗಳೂ ಒಂದೇ ಅಲ್ಲ ಎಂಬುದು ಗಮನದಲ್ಲಿರಬೇಕು. ಹಗುರ ಸೈಕಲ್ಲುಗಳಲ್ಲಿ ಗೇರು ಮತ್ತು ಫ್ರೀವೀಲ್ ಕ್ಲಚ್ ಇರುವ ಮೋಟಾರುಗಳಿರುತ್ತವೆ. ಮುಂದಕ್ಕೆ ತಿರುಗಿಸಿದರೆ ಕವಚ ಸುಮ್ಮನೆ ಸುತ್ತುತ್ತದೆ, ಒಳಗೆ ಏನೂ ಅಲುಗುವುದಿಲ್ಲ. ಕ್ಲಚ್ಚನ್ನು ಬಿಗಿದು ಹಾಕಬೇಕು, ಇಲ್ಲವೇ ಹಿಮ್ಮುಖವಾಗಿ ತಿರುಗಿಸಬೇಕು. ಆಗಲೂ ಗೇರಿನ ಘರ್ಷಣೆ ಮೆಲುಗಾಳಿಯನ್ನು ನುಂಗಿಬಿಡುತ್ತದೆ. ಬೇಕಾದದ್ದು ಗೇರಿಲ್ಲದ ಡೈರೆಕ್ಟ್ ಡ್ರೈವ್ ಮೋಟಾರು. ಪರೀಕ್ಷೆ ಸುಲಭ. ಮೂರು ದಪ್ಪ ತಂತಿಗಳನ್ನು ಒಂದಕ್ಕೊಂದು ಸೇರಿಸಿ ಚಕ್ರವನ್ನು ಮುಂದಕ್ಕೆ ತಿರುಗಿಸಿ. ಜೇನಿನಲ್ಲಿ ಅದ್ದಿದಂತೆ ಬಿಗಿಯಾದರೆ ಅದು ನಮಗೆ ಬೇಕಾದ ಮೋಟಾರು.

ಇನ್ನು ಗಾಳಿಯ ಲೆಕ್ಕ. ಆಸೆ ಹುಟ್ಟುವುದೂ ಆಸೆ ಮುರಿಯುವುದೂ ಇಲ್ಲಿಯೇ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೇ ಒಂದು. ಒಂದೂವರೆ ಮೀಟರ್ ವ್ಯಾಸದ ರೆಕ್ಕೆಗಳ ಮೂಲಕ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಾಯುವ ಗಾಳಿಯಲ್ಲಿ ಸುಮಾರು 125 ವ್ಯಾಟ್ ಶಕ್ತಿಯಿರುತ್ತದೆ. ಎಂಥ ಯಂತ್ರವೂ ಅದರಲ್ಲಿ ಶೇ 59.3ಕ್ಕಿಂತ ಹೆಚ್ಚು ಹಿಡಿಯಲಾರದು ಎಂಬುದು ಜರ್ಮನ್ ವಿಜ್ಞಾನಿ ಆಲ್ಬರ್ಟ್ ಬೆಟ್ಜ್ ಹೆಸರಿನ ಮಿತಿ. ಕೈಯಲ್ಲಿ ಕೆತ್ತಿದ ಮರದ ರೆಕ್ಕೆ ಅಥವಾ ಪಿವಿಸಿ ಪೈಪು ಸೀಳಿ ಮಾಡಿದ ರೆಕ್ಕೆಯಿಂದ ಕಾಲು ಭಾಗ ಸಿಕ್ಕರೆ ಅದೇ ದೊಡ್ಡದು. ಅಂದರೆ 30 ವ್ಯಾಟ್. ಅದೇ ಗಾಳಿ 24 ಗಂಟೆ ಬಿಡದೆ ಬೀಸಿದರೂ ದಿನಕ್ಕೆ ಮುಕ್ಕಾಲು ಯೂನಿಟ್ ಅಷ್ಟೇ. ಊರಿನ ತಾರಸಿಯ ಮೇಲೆ ಮರ, ಮಹಡಿಗಳ ನಡುವೆ ಗಾಳಿ 2.5 ಮೀಟರಿಗೆ ಇಳಿದರೆ ದಕ್ಕುವುದು 4 ವ್ಯಾಟ್. ಡಯೋಡುಗಳೇ ಅದರಲ್ಲಿ ಪಾಲು ಕೇಳುತ್ತವೆ.

ಇದು ಕಾಗದದ ಲೆಕ್ಕವಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ಕಟ್ಟಡಗಳ ಮೇಲೆ ಕೂರಿಸಿದ 26 ಸಣ್ಣ ಗಾಳಿಯಂತ್ರಗಳನ್ನು ಅಳೆದು ನೋಡಿದ ವಾರ್ವಿಕ್ ಪರೀಕ್ಷೆಯ ವರದಿ 2009ರಲ್ಲಿ ಬಂತು. ಕೆಟ್ಟು ನಿಂತ ದಿನಗಳನ್ನೂ ಸೇರಿಸಿದರೆ ಒಂದೊಂದು ಯಂತ್ರ ದಿನಕ್ಕೆ ಕೊಟ್ಟದ್ದು ಸರಾಸರಿ 214 ವ್ಯಾಟ್ ಅವರ್, ಎಂದರೆ ಯೂನಿಟ್ಟಿನ ಐದನೇ ಒಂದು ಭಾಗ. ಅವು ಗುಜರಿಯಿಂದ ಆಯ್ದವಲ್ಲ, ಕಾರ್ಖಾನೆಯಲ್ಲಿ ತಯಾರಾದ ಯಂತ್ರಗಳು. ತಾರಸಿಯ ಗಾಳಿ ಅವುಗಳನ್ನೂ ಸೋಲಿಸಿತು.

ಹಾಗಾಗಿ ಬೆಂಗಳೂರಿನ ಬಡಾವಣೆಯಲ್ಲಿ ಇದನ್ನು ಕಟ್ಟಿ ಬಿಲ್ಲು ಉಳಿಸುತ್ತೇನೆ ಎನ್ನುವವರಿಗೆ ಬೇಡ ಎಂದೇ ಹೇಳಬೇಕು. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಪಡೆಯುವ ಮನೆಗೆ ದಿನಕ್ಕೆ ಹೆಚ್ಚೆಂದರೆ ಸಿಗುವ ಈ ಮುಕ್ಕಾಲು ಯೂನಿಟ್ಟಿನಿಂದ ಆಗಬೇಕಾದ್ದೇನೂ ಇಲ್ಲ. ತಾರಸಿಗೆ ಸೌರಫಲಕವೇ ಸರಿ. ನೂರು ವ್ಯಾಟಿನ ಒಂದು ಫಲಕ ಒಳ್ಳೆಯ ಬಿಸಿಲಿನ ದಿನ 400 ವ್ಯಾಟ್ ಅವರ್ ಕೊಡುತ್ತದೆ. ಅದರಲ್ಲಿ ತಿರುಗುವ ಭಾಗವಿಲ್ಲ, ಸದ್ದಿಲ್ಲ.

ಆದರೆ ಬಿಸಿಲಿಲ್ಲದ ದಿನ? ನಮ್ಮ ಬಯಲುಸೀಮೆಯ ಗಾಳಿ ನೈರುತ್ಯ ಮಾರುತದ ಗಾಳಿ. ಚಿತ್ರದುರ್ಗದ ಬೆಟ್ಟಗಳು, ಗದಗದ ಕಪ್ಪತಗುಡ್ಡದ ಸುತ್ತ, ದಾವಣಗೆರೆ, ಕೊಪ್ಪಳ, ವಿಜಯಪುರದ ಬಯಲಲ್ಲಿ ದೊಡ್ಡ ಪವನಯಂತ್ರಗಳು ವರ್ಷದ ಬಹುಪಾಲು ವಿದ್ಯುತ್ತನ್ನು ದುಡಿಯುವುದು ಮೇ ಕೊನೆಯಿಂದ ಸೆಪ್ಟೆಂಬರ್ ನಡುವೆ. ಮೋಡ ಕವಿದು ಸೌರಫಲಕ ಸೋಲುವ ಆಷಾಢ, ಶ್ರಾವಣದಲ್ಲೇ ಗಾಳಿ ಗೆಲ್ಲುತ್ತದೆ, ರಾತ್ರಿಯೂ ಬೀಸುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂದ ಕಣದ ರೈತನಿಗೆ ಗಾಳಿ ತನಗೆ ಬೇಕಾದಾಗ ಬರುವುದಿಲ್ಲ ಎಂದು ಗೊತ್ತಿತ್ತು. ಬಂದಾಗ ಕೈಯಲ್ಲಿ ಮೊರ ಇರಬೇಕು ಎಂಬುದೂ ಗೊತ್ತಿತ್ತು.

ಆ ಮೊರ ಬೇಕಾಗಿರುವುದು ಊರಿನಿಂದ ದೂರದ ಹೊಲದಲ್ಲಿ. ಹಂದಿ, ಆನೆ ತಡೆಯಲು ಹಾಕಿದ ಸೌರಬೇಲಿಯ ತಂತಿಗೆ ವಿದ್ಯುತ್ ಹಾಯಿಸುವ ಎನರ್ಜೈಸರ್ ತಿನ್ನುವುದು ಕೆಲವೇ ವ್ಯಾಟ್. ಮಳೆಗಾಲದಲ್ಲಿ ನಾಲ್ಕು ದಿನ ಬಿಸಿಲು ಕಾಣದಿದ್ದರೆ ಅದರ ಬ್ಯಾಟರಿ ಇಳಿಯುತ್ತದೆ, ಬೇಲಿ ಬರೀ ತಂತಿಯಾಗುತ್ತದೆ. ಬೆಳೆ ಕಾಯುವ ಅಟ್ಟಣೆಯ ಎಲ್‌ಇಡಿ ದೀಪ, ಫೋನ್ ಚಾರ್ಜು, ಕುರಿಹಟ್ಟಿಯ ಬೆಳಕು ಎಲ್ಲವೂ ಇದೇ ಅಳತೆಯವು. ತೆರೆದ ದಿಬ್ಬದ ಮೇಲೆ, ನೂರು ಮೀಟರ್ ಸುತ್ತಲಿನ ಮರಗಳಿಗಿಂತ ಎಂಟೊಂಬತ್ತು ಮೀಟರ್ ಎತ್ತರದಲ್ಲಿ ತಿರುಗುವ ಒಂದು ಯಂತ್ರ ಸೌರಫಲಕದ ಜೊತೆಗಾರನಾಗಿ ಅಲ್ಲಿ ಅನ್ನ ಉಳಿಸಬಲ್ಲದು. ಅಲ್ಲಿ 20 ವ್ಯಾಟಿನ ಬೆಲೆಯನ್ನು ಯೂನಿಟ್ ದರದಿಂದ ಅಳೆಯುವಂತಿಲ್ಲ, ಉಳಿದ ಜೋಳದಿಂದ ಅಳೆಯಬೇಕು.

ಮಲೆನಾಡಿಗೆ ಬಂದರೆ ಇದೇ ಮೋಟಾರಿಗೆ ಗಾಳಿಗಿಂತ ನೀರು ಮೇಲು. ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡದ ಒಂಟಿಮನೆಗಳು ತೊರೆಯ ನೀರಿನಿಂದ ಸಣ್ಣ ಟರ್ಬೈನು ತಿರುಗಿಸಿ ದೀಪ ಹೊತ್ತಿಸಿಕೊಂಡದ್ದು ಹೊಸ ಸಂಗತಿಯಲ್ಲ. 10 ಮೀಟರ್ ಎತ್ತರದಿಂದ ಸೆಕೆಂಡಿಗೆ 2 ಲೀಟರ್ ನೀರು ಇಳಿದರೆ ಸುಮಾರು 200 ವ್ಯಾಟ್ ಶಕ್ತಿ. ಅದರಲ್ಲಿ ಶೇ 40 ಸಿಕ್ಕರೂ ಹಗಲಿರುಳು 80 ವ್ಯಾಟ್, ದಿನಕ್ಕೆ ಸುಮಾರು 2 ಯೂನಿಟ್.

ಇಂಥ ಯಂತ್ರದಿಂದ ವಿದ್ಯುತ್ತಿಗಿಂತ ದೊಡ್ಡ ಲಾಭವೂ ಇದೆ. ಮಲಾವಿ ದೇಶದ ವಿಲಿಯಂ ಕಾಂಕ್ವಾಂಬಾ ಎಂಬ ಹುಡುಗ 2001–02ರ ಬರಗಾಲದಲ್ಲಿ ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟ. ಊರಿನ ಗ್ರಂಥಾಲಯದ ಪುಸ್ತಕದಲ್ಲಿ ಗಾಳಿಯಂತ್ರದ ಚಿತ್ರ ನೋಡಿ, ಹಳೆಯ ಸೈಕಲ್ಲಿನ ಚೌಕಟ್ಟು, ಟ್ರ್ಯಾಕ್ಟರ್ ಫ್ಯಾನು, ಪಿವಿಸಿ ಪೈಪು, ಸೈಕಲ್ ಡೈನಮೊ ಸೇರಿಸಿ ಕಂಬದ ಮೇಲೆ ನಿಲ್ಲಿಸಿದ. ನಾಲ್ಕು ಬಲ್ಬು ಉರಿದವು, ಎರಡು ರೇಡಿಯೊ ಹಾಡಿದವು. ಆ ಯಂತ್ರ ಅವನಿಗೆ ಕೊಟ್ಟ ದೊಡ್ಡ ಲಾಭ ಬಲ್ಬಿನಲ್ಲಿರಲಿಲ್ಲ. ಮತ್ತೆ ಶಾಲೆಗೆ ಸೇರಿದ ಅವನು ಮುಂದೆ ಕಾಲೇಜು ಪದವಿಯನ್ನೂ ಪಡೆದ.

ನನ್ನ ವಾದದ ತಿರುಳು ಇದೇ. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಮೂರು ಫೇಸ್ ವಿದ್ಯುತ್ತನ್ನು ಕಪ್ಪುಹಲಗೆಯ ಮೇಲೆ ಮೂರು ಅಲೆಗಳಾಗಿ ಬರೆದು ಕಲಿಸುತ್ತೇವೆ. ಕೈಗೊಂದು ಹಬ್ ಮೋಟಾರು ಕೊಟ್ಟು ನೋಡಿ. ತಂತಿಗಳನ್ನು ಸೇರಿಸಿದಾಗ ಚಕ್ರ ಬಿಗಿಯಾಗುವುದನ್ನು ಅಂಗೈಯಲ್ಲಿ ಅನುಭವಿಸಿದವನು, ಹುಟ್ಟಿದ ವಿದ್ಯುತ್ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ ಎಂಬ ಲೆಂಜ್ ನಿಯಮವನ್ನು ಮರೆಯಲಾರ. ರೆಕ್ಕೆ ಕೆತ್ತುವಾಗ ಬಡಗಿ ಕೆಲಸ, ಕಂಬ ನಿಲ್ಲಿಸುವಾಗ ವೆಲ್ಡಿಂಗ್, ಚಾರ್ಜ್ ಕಂಟ್ರೋಲರ್ ಜೋಡಿಸುವಾಗ ಎಲೆಕ್ಟ್ರಾನಿಕ್ಸ್ ಕಲಿತದ್ದಾಯಿತು. ಪವನ ವಿದ್ಯುತ್ತಿನಲ್ಲಿ 5 ಸಾವಿರ ಮೆಗಾವ್ಯಾಟ್ ದಾಟಿದ ರಾಜ್ಯಕ್ಕೆ ಆ ಎತ್ತರದ ಗೋಪುರಗಳನ್ನು ನೋಡಿಕೊಳ್ಳುವ ತಂತ್ರಜ್ಞರು ಬೇಕು. ಅವರ ಮೊದಲ ಪಾಠ ನೆಲಮಟ್ಟದಲ್ಲೇ ಆಗಬಹುದು. ನಮಗೆ ಈ ಪರಂಪರೆ ಇಲ್ಲದೆಯೂ ಇಲ್ಲ. 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ಹಳ್ಳಿಯ ಅಗತ್ಯಕ್ಕೆ ತಕ್ಕ ತಂತ್ರಜ್ಞಾನ ಹುಡುಕಿತು. ಆ ದಶಕದಲ್ಲೇ ಆ ಸಂಸ್ಥೆಯ ವಿಜ್ಞಾನಿಗಳು ನೀರೆತ್ತುವ ಅಗ್ಗದ ಗಾಳಿಯಂತ್ರವನ್ನು ರೂಪಿಸಿದ್ದರು.

ಕಲಿಸುವವರು ಅಪಾಯವನ್ನೂ ಮೊದಲ ದಿನವೇ ಕಲಿಸಬೇಕು. ಜೋರು ಗಾಳಿಯಲ್ಲಿ ರೆಕ್ಕೆಯ ತುದಿ ಗಂಟೆಗೆ 200 ಕಿ.ಮೀ. ಮೀರಬಹುದು, ಸಿಡಿದ ತುಂಡು ಪ್ರಾಣ ತೆಗೆಯಬಲ್ಲದು. ಬ್ಯಾಟರಿ ತುಂಬಿದೊಡನೆ ಸಂಪರ್ಕ ಕಡಿಯುವ ಸೌರ ಕಂಟ್ರೋಲರನ್ನು ಇಲ್ಲಿ ಹಾಗೆಯೇ ಬಳಸಬಾರದು. ಹೊರೆ ಕಳಚಿದ ಯಂತ್ರ ಹುಚ್ಚೆದ್ದು ತಿರುಗುತ್ತದೆ. ಹೆಚ್ಚಾದ ವಿದ್ಯುತ್ತನ್ನು ಸುಡಲು ಹೀಟರ್ ಸುರುಳಿಯೊಂದು ಬೇಕು. ಬಿರುಗಾಳಿಗೆ ಮುಖ ತಿರುಗಿಸುವ ಬಾಲವೂ ಬೇಕು. ತಂತಿಗಳನ್ನು ಸೇರಿಸಿ ಬ್ರೇಕು ಹಾಕುವ ಉಪಾಯ ಮಂದಗಾಳಿಗೆ ಸರಿ, ಬಿರುಗಾಳಿಯಲ್ಲಿ ಅದೊಂದನ್ನೇ ನಂಬಿದರೆ ಸುರುಳಿ ಸುಟ್ಟುಹೋಗುತ್ತದೆ. ಸೈಕಲ್ಲಿನ ಬೇರಿಂಗು ಎದುರುಗಾಳಿಯ ಒತ್ತಡಕ್ಕೆಂದು ಮಾಡಿದ್ದಲ್ಲ ಎಂಬುದು ನೆನಪಿರಬೇಕು. ಮನೆ, ದನದ ಕೊಟ್ಟಿಗೆ, ಕಾಲುದಾರಿಯ ಮೇಲೆ ಈ ಯಂತ್ರ ಬೇಡವೇ ಬೇಡ.

ಹಳೆಯ ಮೋಟಾರನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂಲೋಹಗಳು ಮತ್ತು ಅವುಗಳಿಂದಾದ ಆಯಸ್ಕಾಂತಗಳ ರಫ್ತಿಗೆ ಪರವಾನಗಿಯ ಕಟ್ಟು ಹಾಕಿದಾಗ ನಮ್ಮ ವಾಹನ ಉದ್ಯಮ ತತ್ತರಿಸಿತು. ಅಂಥ ಆಯಸ್ಕಾಂತವನ್ನು ಹೊತ್ತ ಮೋಟಾರುಗಳನ್ನು ನಾವು ಕಬ್ಬಿಣದ ಜೊತೆ ಕರಗಿಸಲು ಕಳಿಸುತ್ತಿದ್ದೇವೆ. ಆಯಸ್ಕಾಂತವನ್ನು ಬಿಡಿಸಿ ತೆಗೆಯುವ ಉದ್ಯಮ ಬೆಳೆಯಲಿ. ಅದಕ್ಕೂ ಮೊದಲು, ಸರಿಯಿರುವ ಮೋಟಾರನ್ನು ಮೋಟಾರಾಗಿಯೇ ಉಳಿಸಿಕೊಳ್ಳುವುದು ಅಗ್ಗದ ದಾರಿ.

2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ಕರ್ನಾಟಕ. ವಾಹನ ರಸ್ತೆಗೆ ಇಳಿಯುವುದನ್ನು ಯೋಚಿಸಿದ ರಾಜ್ಯ ಅದೇ ವಾಹನ ರಸ್ತೆ ಬಿಟ್ಟ ಮೇಲಿನ ದಿನವನ್ನೂ ಯೋಚಿಸಲಿ. ಜಿಲ್ಲೆಗೊಂದು ಸಂಗ್ರಹ ಕೇಂದ್ರ, ಅಲ್ಲಿ ಪರೀಕ್ಷಿಸಿ ಬೇರ್ಪಡಿಸಿದ ಮೋಟಾರುಗಳು ಹತ್ತಿರದ ಐಟಿಐಗೆ ತಲುಪುವ ವ್ಯವಸ್ಥೆ, ಗಾಳಿ ಬಲವಾಗಿರುವ ತಾಲ್ಲೂಕುಗಳಲ್ಲಿ ಸೌರಬೇಲಿಯ ಜೊತೆ ಜೋಡಿಸಿ ನೋಡುವ ಒಂದು ಮಳೆಗಾಲದ ಪ್ರಯೋಗ. ಕೇಳುತ್ತಿರುವುದು ಇಷ್ಟೇ. ಓದುಗರಲ್ಲೂ ಒಂದು ಮನವಿ: ಮೂಲೆಯಲ್ಲಿರುವ ವಿದ್ಯುತ್ ಸೈಕಲ್ಲನ್ನು ತೂಕಕ್ಕೆ ಹಾಕುವ ಮುನ್ನ ಮೋಟಾರನ್ನು ಬಿಚ್ಚಿ ಹತ್ತಿರದ ಶಾಲೆಗೋ ಐಟಿಐಗೋ ಕೊಟ್ಟುಬಿಡಿ. ಮುಂದಿನ ಆಷಾಢದ ಹೊತ್ತಿಗೆ ಅದು ಯಾವುದೋ ದಿಬ್ಬದ ಮೇಲೆ ತಿರುಗುತ್ತಿರಲಿ.