ಕಾಪಾಡುವವರನ್ನು ಕಾಪಾಡುವವರು ಯಾರು?

ಮಂಗಳೂರಿನಿಂದ ಹೊರಟು ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಬೇಲೂರು, ಹಳೇಬೀಡು, ಬಾಣಾವರ, ಅರಸೀಕೆರೆಯ ಮೂಲಕ ತುಮಕೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 73 ಕರಾವಳಿಯವರಿಗೆ ಹೊಸ ದಾರಿಯೇನಲ್ಲ. ಶಾಲಾ ಪ್ರವಾಸವಿರಲಿ, ಘಟ್ಟದ ಮೇಲಿನ ಬಂಧುಗಳ ಮದುವೆ ಇರಲಿ, ನಾವು ಹಿಡಿಯುವ ದಾರಿಗಳಲ್ಲಿ ಇದೂ ಒಂದು. ಈ ದಾರಿಯಲ್ಲಿ ನಡುರಾತ್ರಿ ಅವಘಡವೊಂದು ನಡೆದರೆ ಓಡಿ ಬರುವವರು ಯಾರು? 108ರ ಆಂಬುಲೆನ್ಸ್ ಸಿಬ್ಬಂದಿ, ಠಾಣೆಯ ಪೊಲೀಸರು, ಅಗ್ನಿಶಾಮಕ ದಳದವರು ಮತ್ತು ತಾಲೂಕು ಆಸ್ಪತ್ರೆಯ ದಾದಿಯರು. ಅವರು ನಮ್ಮನ್ನು ಎತ್ತಿ ಆಸ್ಪತ್ರೆಗೆ ಸೇರಿಸುತ್ತಾರೆ. ಆನಂತರ ಅವರ ಮನಸ್ಸಿನ ಪಾಡೇನು ಎಂಬುದನ್ನು ನಾವು ಕೇಳುವುದು ಅಪರೂಪ. ಈ ಬಾರಿ ಅದರ ಬಗ್ಗೆ ಸ್ವಲ್ಪ ಯೋಚಿಸೋಣ.

ಮರೆಯಲಾಗದ ರಾತ್ರಿಗಳು

2022ರ ಅಕ್ಟೋಬರ್ 15ರ ರಾತ್ರಿ ಅರಸೀಕೆರೆ ತಾಲೂಕಿನ ಬಾಣಾವರ ಸಮೀಪ ಭೀಕರ ಅಪಘಾತವೊಂದು ನಡೆಯಿತು. ಧರ್ಮಸ್ಥಳ, ಸುಬ್ರಹ್ಮಣ್ಯ ಹಾಗೂ ಹಾಸನಾಂಬೆಯ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರ ಟೆಂಪೋ ಟ್ರಾವೆಲರ್, ಬಸ್ಸು ಮತ್ತು ಹಾಲಿನ ಟ್ಯಾಂಕರಿನ ನಡುವೆ ಸಿಲುಕಿ ನಜ್ಜುಗುಜ್ಜಾಯಿತು. ಮಕ್ಕಳೂ ಸೇರಿದಂತೆ 9 ಮಂದಿ ಮೃತಪಟ್ಟರು. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿ, ವಿದ್ಯಾರ್ಥಿಗಳೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಎರಡೂ ಸುದ್ದಿಗಳು ಕೆಲವು ದಿನ ಪತ್ರಿಕೆಗಳ ಮುಖಪುಟದಲ್ಲಿದ್ದವು. ಗಣ್ಯರು ಸಂತಾಪ ಸೂಚಿಸಿದರು, ಪರಿಹಾರ ಘೋಷಣೆಯಾಯಿತು.

ಆದರೆ ಕಬ್ಬಿಣದ ರಾಶಿಯ ನಡುವಿನಿಂದ ಪುಟ್ಟ ಮಗುವಿನ ದೇಹವನ್ನು ಹೊರತೆಗೆದ ಕೈಗಳು ಯಾರವು? ಶವಾಗಾರದ ಬಾಗಿಲಲ್ಲಿ ನಿಂತು ತಂದೆ ತಾಯಿಗೆ ಗುರುತು ತೋರಿಸಿದ ಪೇದೆ ಮರುದಿನ ಮನೆಯಲ್ಲಿ ಊಟಕ್ಕೆ ಹೇಗೆ ಕೂತಿರಬಹುದು? ಅರಸೀಕೆರೆ ದೊಡ್ಡ ರೈಲ್ವೆ ಜಂಕ್ಷನ್ ಕೂಡ ಹೌದು. ಹಳಿಯ ಮೇಲೆ ಸಾವು ಸಂಭವಿಸಿದಾಗಲೆಲ್ಲ ದೇಹವನ್ನು ಎತ್ತಬೇಕಾದವರು, ಮನೆಯವರಿಗೆ ಫೋನ್ ಮಾಡಬೇಕಾದವರು ರೈಲ್ವೆ ಪೊಲೀಸರು. ಇದು ವರ್ಷಕ್ಕೊಮ್ಮೆ ಬರುವ ದೊಡ್ಡ ದುರಂತವಲ್ಲ, ಆಗಾಗ ಮಾಡಲೇಬೇಕಾದ ಕೆಲಸ.

ಕಾಡಿನಂಚಿನ ಭಯ

ಬೇಲೂರು, ಆಲೂರು, ಸಕಲೇಶಪುರ ತಾಲೂಕುಗಳಲ್ಲಿ ಇನ್ನೊಂದು ಬಗೆಯ ತುರ್ತು ಸೇವೆ ಇದೆ. ಕಾಫಿ ತೋಟಗಳಿಗೆ ಇಳಿಯುವ ಕಾಡಾನೆಗಳನ್ನು ಗಮನಿಸಿ ಜನರನ್ನು ಎಚ್ಚರಿಸುವುದು, ಬಂದ ಆನೆಯನ್ನು ಹಿಮ್ಮೆಟ್ಟಿಸುವುದು ಅರಣ್ಯ ಸಿಬ್ಬಂದಿಯ ನಿತ್ಯದ ಕಾಯಕ. 2022ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಹಾಸನ, ಚಿಕ್ಕಮಗಳೂರು, ಕೊಡಗು ಮತ್ತು ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳನ್ನು ರಚಿಸಿತು. 2023ರ ಆಗಸ್ಟ್ 31ರಂದು ಆಲೂರು ತಾಲೂಕಿನಲ್ಲಿ ಗಾಯಗೊಂಡ ಆನೆಯ ಚಿಕಿತ್ಸೆಗಾಗಿ ಅರಿವಳಿಕೆ ಚುಚ್ಚುಮದ್ದು ಹಾರಿಸಲು ಹೋದ ಅನುಭವಿ ನೌಕರರೊಬ್ಬರು ಅದೇ ಆನೆಯ ದಾಳಿಗೆ ಬಲಿಯಾದರು. ಅದೇ ವರ್ಷದ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಕಾರ್ಯಾಚರಣೆಯ ನಡುವೆ ದಸರಾ ಆನೆ ಅರ್ಜುನ ಸತ್ತಾಗ ಅದರ ಮಾವುತ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಇಡೀ ನಾಡು ಟಿವಿಯಲ್ಲಿ ನೋಡಿತು.

ಇಲ್ಲಿ ಇನ್ನೊಂದು ಸಂಕಟವೂ ಇದೆ. ಆನೆ ದಾಳಿಯಿಂದ ಯಾರಾದರೂ ಸತ್ತರೆ ಊರಿನವರ ಸಿಟ್ಟು ಮೊದಲು ತಿರುಗುವುದು ಸ್ಥಳಕ್ಕೆ ಬಂದ ಗಾರ್ಡ್ ಮತ್ತು ವಾಚರ್‌ಗಳ ಮೇಲೆ. ಆಂಬುಲೆನ್ಸ್ ತಡವಾದರೆ ಬೈಗುಳ ತಿನ್ನುವವನು ಅದರ ಚಾಲಕ. ದುಃಖದಲ್ಲಿರುವವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಆನೆ ಹಾವಳಿಗೆ ಶಾಶ್ವತ ಪರಿಹಾರ ಕೊಡುವ ಅಧಿಕಾರವಾಗಲಿ, ಇನ್ನೊಂದು ಆಂಬುಲೆನ್ಸ್ ಮಂಜೂರು ಮಾಡುವ ಅಧಿಕಾರವಾಗಲಿ ಎದುರಿಗೆ ನಿಂತ ಆ ನೌಕರನಿಗಿಲ್ಲ. ಕೈಯಲ್ಲಿ ಅಧಿಕಾರವಿಲ್ಲದೆ ಹೊಣೆ ಮಾತ್ರ ಹೊರುವುದು ಮನಸ್ಸನ್ನು ಬಹಳ ಬೇಗ ದಣಿಸುತ್ತದೆ.

ಅಭ್ಯಾಸವಾಗುತ್ತದೆಯೇ?

"ಅದು ಅವರ ಕೆಲಸ, ಅವರಿಗೆ ಅಭ್ಯಾಸವಾಗಿರುತ್ತದೆ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಆಘಾತದ ನಂತರ ಬರುವ ಮಾನಸಿಕ ಕಾಯಿಲೆಯನ್ನು, ಅಂದರೆ ಪಿಟಿಎಸ್‌ಡಿಯನ್ನು, ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ಕೈಪಿಡಿಗೆ ಸೇರಿಸಿತು. 2013ರ ಆವೃತ್ತಿಯಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಿತು: ಮೃತದೇಹದ ಅವಶೇಷಗಳನ್ನು ಎತ್ತುವ ರಕ್ಷಣಾ ಸಿಬ್ಬಂದಿಗೆ, ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಮತ್ತೆ ಮತ್ತೆ ಕೇಳಬೇಕಾದ ಪೊಲೀಸರಿಗೆ ಸಹ ಈ ಕಾಯಿಲೆ ಬರಬಹುದು. ಅಂದರೆ ಗಾಯಗೊಂಡವರಿಗಷ್ಟೇ ಅಲ್ಲ, ಎತ್ತಿದವರಿಗೂ ಆಘಾತವಾಗುತ್ತದೆ.

ಲಕ್ಷಣಗಳು ಯಾವುವು? ನಿದ್ದೆ ಬಾರದಿರುವುದು, ಕಂಡ ದೃಶ್ಯ ಮರಳಿ ಮರಳಿ ಕಣ್ಣಿಗೆ ಕಟ್ಟುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಘಟನೆ ನಡೆದ ರಸ್ತೆಯನ್ನೇ ತಪ್ಪಿಸಿ ಹೋಗುವುದು, ಹೆಂಡತಿ ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುವುದು. ಮೊದಲ ಕೆಲವು ವಾರ ಹೀಗಾದರೆ ಅದು ಸಹಜ. ಬಹುಪಾಲು ಜನ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಲೇಬೇಕು. ಇದಕ್ಕೆ ಮಾತಿನ ಚಿಕಿತ್ಸೆಯೂ ಇದೆ, ಔಷಧಿಯೂ ಇದೆ. ವಿಷಾದದ ಸಂಗತಿಯೆಂದರೆ ಅನೇಕರು ಮೊದಲು ಹುಡುಕುವುದು ಬಾಟಲಿಯನ್ನು. ಕುಡಿತದಿಂದ ಆ ರಾತ್ರಿ ನಿದ್ದೆ ಬಂದಂತೆ ಕಂಡರೂ ಕಾಯಿಲೆ ಒಳಗೇ ಬೇರೂರುತ್ತದೆ.

ಏನು ಮಾಡಬೇಕು, ಏನು ಮಾಡಬಾರದು?

ದುರಂತ ನಡೆದ ಕೂಡಲೇ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಕಂಡದ್ದನ್ನೆಲ್ಲ ಹೇಳಿಸಿ ಕಳುಹಿಸುವ ಪದ್ಧತಿ 1980ರ ದಶಕದಿಂದ ಅನೇಕ ದೇಶಗಳಲ್ಲಿ ಬಳಕೆಯಲ್ಲಿತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಇದು ಬೇಡವೆಂದಿದೆ. ಒತ್ತಾಯದಿಂದ ಹೇಳಿಸಿದರೆ ಕೆಲವರ ಗಾಯ ಇನ್ನಷ್ಟು ಆಳವಾಗಬಹುದು. ಇದರ ಬದಲು 2011ರಲ್ಲಿ ಪ್ರಕಟವಾದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಸರಳ ಹೆಜ್ಜೆಗಳನ್ನು ಹೇಳುತ್ತದೆ: ನೋಡು, ಕೇಳು, ಜೋಡಿಸು. ಯಾರಿಗೆ ತೊಂದರೆಯಾಗಿದೆ ಎಂದು ನೋಡುವುದು, ಅವರು ಹೇಳಬಯಸಿದಷ್ಟನ್ನು ಮಾತ್ರ ಕೇಳುವುದು, ಬೇಕಾದ ನೆರವಿನೊಡನೆ ಜೋಡಿಸುವುದು. ಇದಕ್ಕೆ ಮನೋವೈದ್ಯರೇ ಬೇಕೆಂದಿಲ್ಲ. ಠಾಣೆಯ ಹಿರಿಯ ಹವಾಲ್ದಾರರೊಬ್ಬರು, ಆಸ್ಪತ್ರೆಯ ಹಿರಿಯ ದಾದಿಯೊಬ್ಬರು ಕಲಿತು ಮಾಡಬಹುದು.

ಆದರೆ ಒಳ್ಳೆಯ ಮಾತು ಮಾತ್ರ ಸಾಲದು. 2008ರ ನವೆಂಬರ್ 1ರಂದು ಆರಂಭವಾದ 'ಆರೋಗ್ಯ ಕವಚ' 108 ಸೇವೆಯ ಸಿಬ್ಬಂದಿ ಸರ್ಕಾರದ ಕಾಯಂ ನೌಕರರಲ್ಲ. ಸಂಬಳ ತಡವಾಗುತ್ತಿದೆಯೆಂದು ಅವರು ಹಲವು ಬಾರಿ ಬೀದಿಗಿಳಿದಿದ್ದಾರೆ. 2016ರ ಜೂನಿನಲ್ಲಿ ರಾಜ್ಯದ ಪೊಲೀಸರು ವೇತನ, ರಜೆ ಮುಂತಾದ ಬೇಡಿಕೆಗಳಿಗಾಗಿ ಸಾಮೂಹಿಕ ರಜೆಗೆ ಮುಂದಾಗಿದ್ದನ್ನು ನಾವು ಮರೆತಿಲ್ಲ. ಇಂದು ರಾತ್ರಿ ಶವ ಎತ್ತಿದವನು ನಾಳೆ ಬೆಳಿಗ್ಗೆ ಮತ್ತೆ ಪಾಳಿಗೆ ಹಾಜರಾಗಬೇಕು, ರಜೆ ಕೇಳಿದರೆ ದಿನಗೂಲಿ ಹೋಗುತ್ತದೆ ಎಂದಾದರೆ ಯಾವ ಆಪ್ತಸಲಹೆ ತಾನೇ ಫಲ ಕೊಟ್ಟೀತು? ಆದ್ದರಿಂದ ನಮ್ಮ ಅನಿಸಿಕೆಯಲ್ಲಿ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಸಾವು ನೋವಿನ ದೊಡ್ಡ ಘಟನೆಯ ನಂತರ ಕಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ ಸಂಬಳ ಸಹಿತ ಒಂದೆರಡು ದಿನದ ವಿಶ್ರಾಂತಿ ಸಿಗಬೇಕು. ಒಂದು ತಿಂಗಳ ನಂತರ ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ಆ ಸಿಬ್ಬಂದಿಯನ್ನು ಗುಟ್ಟಾಗಿ ಮಾತನಾಡಿಸಿ ವಿಚಾರಿಸಬೇಕು. ಚಿಕಿತ್ಸೆ ಪಡೆದ ಮಾಹಿತಿ ಬಡ್ತಿಗಾಗಲಿ ಗುತ್ತಿಗೆಯ ನವೀಕರಣಕ್ಕಾಗಲಿ ಅಡ್ಡಿಯಾಗಬಾರದು.

ಖರ್ಚು ಎಲ್ಲಿಂದ ಎಂದು ಕೇಳುವವರಿದ್ದಾರೆ. ನುರಿತ ಚಾಲಕನೊಬ್ಬ, ತರಬೇತಿ ಪಡೆದ ದಾದಿಯೊಬ್ಬಳು ಬೇಸತ್ತು ಕೆಲಸ ಬಿಟ್ಟರೆ ಆಗುವ ನಷ್ಟವನ್ನೂ ಅವರು ಲೆಕ್ಕ ಹಾಕಲಿ. ನಿದ್ದೆಗೆಟ್ಟ ಚಾಲಕನ ಆಂಬುಲೆನ್ಸಿನಲ್ಲಿ ಮಲಗಿರುವ ರೋಗಿ ನಾವೇ ಆಗಿರಬಹುದು!

ನಮ್ಮ ಪಾಲಿನ ಕರ್ತವ್ಯ

ಕರಾವಳಿಗೂ ಈ ನೋವು ಗೊತ್ತಿದೆ. 2010ರ ಮೇ 22ರಂದು ಬಜ್ಪೆಯ ವಿಮಾನ ದುರಂತದಲ್ಲಿ 158 ಮಂದಿ ಸಾವನ್ನಪ್ಪಿದಾಗ ಸುಟ್ಟ ದೇಹಗಳನ್ನು ಹೊರತೆಗೆದವರಲ್ಲಿ ಸಮವಸ್ತ್ರದವರ ಜೊತೆ ಸುತ್ತಲಿನ ಊರಿನ ಸಾಮಾನ್ಯ ಜನರೂ ಇದ್ದರು. ಅಂಥವರು ನಮ್ಮ ಧರ್ಮಕೇಂದ್ರಗಳಲ್ಲೂ ಇರಬಹುದು. ದಾದಿಯರು, ಆಂಬುಲೆನ್ಸ್ ಚಾಲಕರು, ಪೊಲೀಸರು ನಮ್ಮ ವಾರ್ಡುಗಳಲ್ಲೇ ವಾಸವಾಗಿದ್ದಾರೆ. ಪಾಳಿಯ ಕೆಲಸದಿಂದಾಗಿ ಅವರು ಭಾನುವಾರದ ಪೂಜೆಗೂ ವಾರ್ಡಿನ ಕೂಟಕ್ಕೂ ತಪ್ಪಿಹೋಗುತ್ತಾರೆ. "ಏಕೆ ಬರಲಿಲ್ಲ?" ಎಂದು ಆಕ್ಷೇಪಿಸುವ ಬದಲು ಗುರಿಕಾರರು, ಧರ್ಮಭಗಿನಿಯರು ಅವರ ಮನೆಗೆ ಒಮ್ಮೆ ಹೋಗಿ ಬರಲಿ. ಏನು ಕಂಡಿರಿ, ಎಷ್ಟು ರಕ್ತವಿತ್ತು ಎಂದು ಕೆದಕುವುದು ಬೇಡ. "ನಿದ್ದೆ ಬರುತ್ತಿದೆಯೇ? ಊಟ ಸೇರುತ್ತಿದೆಯೇ?" ಎಂದು ಕೇಳಿದರೆ ಸಾಕು. ಮನೆಯವರ ಮಾತನ್ನೂ ಕೇಳಬೇಕು. ಬದಲಾವಣೆ ಮೊದಲು ಗೊತ್ತಾಗುವುದು ಹೆಂಡತಿಗೆ, ತಾಯಿಗೆ. ಅಪಘಾತದ ಸ್ಥಳದಲ್ಲಿ ಮೊಬೈಲ್ ಹಿಡಿದು ಚಿತ್ರೀಕರಿಸುವ ಕೆಟ್ಟ ಚಾಳಿಯನ್ನು ಬಿಡುವಂತೆ ನಮ್ಮ ಯುವಜನರಿಗೆ ತಿಳಿಹೇಳುವುದೂ ಈ ಸೇವೆಯ ಒಂದು ಭಾಗವೇ.

ಪ್ರಾರ್ಥನೆ ಮನಸ್ಸಿಗೆ ಬಲ ಕೊಡುತ್ತದೆ, ನಿಜ. ಕಾಲು ಮುರಿದವನಿಗಾಗಿ ಪ್ರಾರ್ಥಿಸುವ ನಾವು ಅವನನ್ನು ಆಸ್ಪತ್ರೆಗೂ ಕರೆದೊಯ್ಯುತ್ತೇವೆ. ಮನಸ್ಸು ನೊಂದವನ ವಿಷಯದಲ್ಲೂ ಹಾಗೆಯೇ ಮಾಡೋಣ. 2022ರ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಉದ್ಘಾಟನೆಯಾದ ಟೆಲಿ ಮಾನಸ್ ಸೇವೆ ದಿನದ 24 ಗಂಟೆಯೂ ಉಚಿತವಾಗಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಸಂಖ್ಯೆ 14416. ಬದುಕೇ ಬೇಡ ಎನ್ನುವ ಮಾತು ಯಾರ ಬಾಯಿಂದಲಾದರೂ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. 108, 112ರ ಜೊತೆಗೆ ಈ ಸಂಖ್ಯೆಯನ್ನೂ ಪ್ರತಿ ಧರ್ಮಕೇಂದ್ರದ ಸೂಚನಾ ಫಲಕದಲ್ಲಿ ಬರೆದು ಹಾಕುವ ಕೆಲಸ ಬರುವ ಭಾನುವಾರವೇ ಆಗಲಿ.